ಗುಳಿಗೆ ಕೊಡದ ಕಾಕಾ

ಕಾಕಾರ ಬಲಗೈ ಹೆಬ್ಬೆರಳಿನ ತುಂಬ ಕೂದಲೆಳೆಯಂಥ ಗಾಯದ ಗೆರೆಗಳಿದ್ದವು. ಗುಳಿಗೆಯ ಪಟ್ಟಿ ಕತ್ತರಿಸುವಾಗ ಅದರ ಅಂಚು ಕೊಯ್ದು ಆದವು. ಹಳಿಯಾಳದ ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿ ಇಟ್ಟಿದ್ದ ಅವರನ್ನು ಊರೆಲ್ಲ ಕಾಕಾ ಎಂದೇ ಕರೆಯುತ್ತಿತ್ತು. ಜೊಯಿಡಾ ಕಡೆಯ ಜನ ವಾಪಸ್ ಬಸ್ಸು ಹಿಡಿಯುವ ಅವಸರದಲ್ಲಿದ್ದರೂ, "ಯಾರಿಗೆ? ಏನಾಗೇತಿ?" ಎಂದು ಕೇಳದೆ ಅವರು ಏನನ್ನೂ ಕಟ್ಟಿಕೊಡುತ್ತಿರಲಿಲ್ಲ.

ನನ್ನ ಅವ್ವ ಸದಾ ಸುಸ್ತು ಎನ್ನುತ್ತಿದ್ದಳು. ಅಕ್ಕಪಕ್ಕದವರು ಹೇಳಿದ ವಿಟಮಿನ್ ಗುಳಿಗೆಗಳನ್ನು ಬೇರೆ ಬೇರೆ ಅಂಗಡಿಗಳಿಂದ ತರಿಸಿ ನುಂಗುತ್ತಿದ್ದಳು. ನಾಲ್ಕು ದಿನ ಗೆಲುವು, ಮತ್ತೆ ಮೊದಲಿನಂತೆಯೇ. ಬರಬರುತ್ತ, ನಡೆಯುವಾಗ ಚಪ್ಪಲಿ ಕಾಲಿಂದ ಕಳಚಿ ಹಿಂದೆ ಉಳಿದರೂ ಅವಳಿಗೆ ತಿಳಿಯದಾಯಿತು. ಆ ವಾರ ನಾನು ಕಾಕಾರಲ್ಲಿಗೆ ಹೋಗಿ ಅದೇ ಗುಳಿಗೆ ಕೇಳಿದೆ. ಪಟ್ಟಿ ಕೈಗೆತ್ತಿಕೊಂಡಿದ್ದವರು ಚಪ್ಪಲಿಯ ಸಂಗತಿ ಕೇಳಿ ಅದನ್ನು ಮತ್ತೆ ಡಬ್ಬಿಗೆ ಹಾಕಿದರು.

"ಇದನ್ನ ಡಾಕ್ಟರ ಚೀಟಿ ಇಲ್ಲದ ಕೊಡಾಕ ಬರ್ತೈತಿ ಯವ್ವಾ. ಆದ್ರ ನಾ ಕೊಡೂದಿಲ್ಲ. ಮೊದಲ ರಕ್ತ ತಪಾಸಣಿ ಮಾಡಿಸ್ರಿ. ಏನು ಕಡಿಮಿ ಐತಿ, ಯಾಕ ಕಡಿಮಿ ಐತಿ ಅನ್ನೂದು ಗೊತ್ತಾಗಲಿ."

ಬರಿಗೈಯಲ್ಲಿ ಬಂದ ನನ್ನನ್ನು ಕಂಡು ಅವ್ವ ಸಿಟ್ಟಾದಳು. "ಅಂಗಡಿ ತಗದಿದ್ದು ಗುಳಿಗಿ ಮಾರಾಕೋ, ಬುದ್ಧಿ ಹೇಳಾಕೋ? ಬ್ಯಾರೆ ಕಡೆ ತೊಗೊಂಡು ಬಾ" ಎಂದಳು. ಅದನ್ನೂ ಕಾಕಾ ಊಹಿಸಿದ್ದರೋ ಏನೋ. ಮರುದಿನ ಅಂಗಡಿ ತೆರೆಯುವ ಮೊದಲೇ ನಮ್ಮ ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ. ಅವ್ವನ ಎದುರು ಕುಳಿತು ನಿಧಾನವಾಗಿ ಹೇಳಿದರು:

"ನಮ್ಮ ಮನ್ಯಾಕಿ ಸುಸ್ತು ಅಂದಾಗ ನಾನ ಅಂಗಡ್ಯಾಗಿಂದ ಟಾನಿಕ್ ತಂದು ಕುಡಿಸಿದೆ ತಂಗಿ. ರಕ್ತ ಕಡಿಮಿ ಅಂತ ಕಬ್ಬಿಣದ ಗುಳಿಗಿ ಕೊಟ್ಟೆ. ಮುಖಕ್ಕ ಒಂದೀಟು ಕಳೆ ಬಂತು, ಇಬ್ಬರೂ ಸುಮ್ಮನಾದಿವಿ. ಕರುಳಾಗ ಗಡ್ಡಿ ಬೆಳದಿತ್ತು. ಗೊತ್ತಾಗೂದರೊಳಗ ಹೊತ್ತು ಮೀರಿತ್ತು."

ಕಾಕಾರ ಹೆಂಡತಿ ಕಾಕು ತೀರಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಆರಿಹೋಗಿದ್ದ ಚಹಾವನ್ನು ಒಳಗೊಯ್ದು ಬಿಸಿ ಮಾಡಿ ತಂದು ಅವರ ಮುಂದಿಟ್ಟಳು. ಆಮೇಲೆ, "ಯಾವಾಗ ಹೋಗಬೇಕ್ರಿ ಅಣ್ಣಾರ?" ಎಂದಳು.

ಅವಳ ರಕ್ತದಲ್ಲಿ ಬಿ ಹನ್ನೆರಡು ವಿಟಮಿನ್ ತೀರಾ ಕಡಿಮೆ ಇತ್ತು. ಇನ್ನಷ್ಟು ತಪಾಸಣೆಯ ನಂತರ, ಹೊಟ್ಟೆ ಅದನ್ನು ಹೀರಿಕೊಳ್ಳುತ್ತಿಲ್ಲ, ಅಂಗಡಿಯ ಗುಳಿಗೆ ನಂಬಿ ಕೂರುವ ಹಾಗಿಲ್ಲ ಎಂದು ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟರು. ಇನ್ನೂ ತಡವಾಗಿದ್ದರೆ ನರಗಳ ಹಾನಿ ಹಾಗೆಯೇ ಉಳಿದುಬಿಡಬಹುದಿತ್ತು ಎಂದರು. ಆ ಚೀಟಿ ಹಿಡಿದು ಹೋದಾಗ ಕಾಕಾ ಒಂದೊಂದೇ ಇಂಜೆಕ್ಷನ್ ಬೆಳಕಿಗೆ ಹಿಡಿದು ನೋಡಿ ಕಟ್ಟಿಕೊಟ್ಟರು. ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಅವ್ವ ಅಡಿಗೆಮನೆಯಲ್ಲಿ ಬರಿಗಾಲಲ್ಲಿ ನಿಂತು, "ನೆಲ ತಣ್ಣಗ ಐತಿ" ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಪಾದಕ್ಕೆ ನೆಲ ತಿಳಿದಿತ್ತು.

ಕಳೆದ ಮಳೆಗಾಲದಲ್ಲಿ ಕಾಕಾ ಎದೆನೋವು ಬಂದು ತೀರಿಕೊಂಡರು. ರುದ್ರಭೂಮಿ ಊರಾಚೆ, ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ. ಸ್ಕೂಟರಿನ ಮೇಲೆ ಕೂರು ಎಂದೆ. "ಬ್ಯಾಡ, ನಡಕೊಂತನ ಬರ್ತೇನಿ" ಎಂದಳು ಅವ್ವ. ಭಜನೆಯವರ ಹಿಂದೆ, ಕೆಸರಿನಲ್ಲಿ, ಯಾರ ಕೈಯನ್ನೂ ಹಿಡಿಯದೆ ಅಷ್ಟು ದೂರ ನಡೆದು ಹೋಗಿ, ಒಡಹುಟ್ಟಿದ ಅಣ್ಣನಿಗೆ ಎಂಬಂತೆ ಒಂದು ಹಿಡಿ ಮಣ್ಣು ಹಾಕಿದಳು.