ಔಷಧಿ ಕುಡಿದ ಹುಂಜದ ಸಾರು

ಮಾಗಡಿ ಕಡೆಯ ಕಲ್ಯದಲ್ಲಿ ಮನೆಮನೆ ಕೋಳಿಗಳಿಗೆ ಜಂತುಹುಳದ ಔಷಧಿ ಕುಡಿಸೋದು ಆಗ ನನ್ನ ಕೆಲಸ. ಕೋಳಿಗಳ ಹುಳಕ್ಕೆ ಬೇವಿನ ಕಷಾಯವನ್ನೇ ನಂಬಿದ್ದ ಆ ಊರಿನ ಗೌರಮ್ಮ ಬೇಡವೆಂದು ಅಡ್ಡ ನಿಂತರು. ಹಠ ನನಗೇನು ಕಮ್ಮಿಯೇ? ಜಗಳವಾಡಿ ಅವರ ಒಂದು ಹುಂಜಕ್ಕೆ ಕುಡಿಸಿಯೇ ಬಿಟ್ಟೆ. "ಸದ್ಯಕ್ಕೆ ಇದನ್ನು ಕುಯ್ಯಬೇಡಿ, ಔಷಧಿ ಮೈಯಿಂದ ಇಳೀಬೇಕು" ಅಂದೆ.

ಮಾರನೇ ದಿನ ಅವರೇ ಊಟಕ್ಕೆ ಕರೆದರು. ಬಿಸಿ ಮುದ್ದೆ, ಘಮಘಮ ಕೋಳಿಸಾರು.

"ಯಾವ ಕೋಳಿ?"

"ನೀನ್ ಔಷ್ದಿ ಕುಡಿಸಿದ್ದೇ ಕಣಪ್ಪ. ಒಳ್ಳೇದು ಅಂದ್ಯಲ್ಲ, ಉಣ್ಣು."

ನಾನು ಕೈ ಹಿಂದಕ್ಕೆಳೆದೆ. "ಮೊದಲು ನಿಮ್ಮ ಕಷಾಯ ನೀವು ಕುಡೀರಿ, ನೋಡೋಣ!"

ಗೌರಮ್ಮ ಒಂದು ಲೋಟ ಬಗ್ಗಿಸಿಕೊಂಡು ಗಟಗಟ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಈಗ ನೀನು" ಅಂದರು.

ಸಾರು ಮುಟ್ಟದೆ, ಬರೀ ಮುದ್ದೆಯನ್ನು ನೀರು ಕುಡಿದು ನುಂಗಿದೆ.

ಕಷಾಯದಿಂದ ಹುಳ ಹೋಗೋದಿಲ್ಲ ಅಂತ ಆಗಲೂ ಅಂದೆ, ಈಗಲೂ ಅಂತೀನಿ. ಕಲ್ಯದಲ್ಲಿ ಮಾತ್ರ ಅನ್ನಲ್ಲ.