ಗೂಟದಕ್ಕನ ಪಟಾಲಂ

ಲಾಂಡ್ರಿಯ ಮಡಿಸುವ ಕೋಣೆಯಲ್ಲಿ ಅವಳನ್ನು ಎಲ್ಲರೂ ಗೂಟದಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಹುಬ್ಬೇರಿಸಿದರೆ ಗೋಡೆಯ ಕಡೆ ಕೈ ತೋರಿಸಿದರೆ ಸಾಕಿತ್ತು. ಅಲ್ಲಿ ಒಂದು ಬೆಡ್‌ಶೀಟಿನ ಅಗಲಕ್ಕೆ ಸರಿಯಾಗಿ ಎರಡು ಮರದ ಗೂಟಗಳಿದ್ದವು. ಅವೇ ಅವಳ ಜೊತೆಗಾರರು.

ಬೆಡ್‌ಶೀಟು ಮಡಿಸುವುದು ಒಂಟಿ ಕೆಲಸವಲ್ಲ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಮೂಟೆ ಕಟ್ಟಿಕೊಂಡು ಬಂದ ಬೆಡ್‌ಶೀಟುಗಳು ಒಗೆಸಿಕೊಂಡು, ಹಿಂಡಿಸಿಕೊಂಡು, ಬಿಸಿ ಉರುಳೆಗಳ ಸಂದಿಯಿಂದ ಗರಿಗರಿಯಾಗಿ ಹೊರಬೀಳುತ್ತವೆ. ಇಬ್ಬರು ಹೆಂಗಸರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿಯುತ್ತಾರೆ, ಕೊಡವುತ್ತಾರೆ, ನಡೆದು ಬಂದು ನಡುವೆ ಸೇರುತ್ತಾರೆ, ಮೂಲೆ ಒಪ್ಪಿಸಿ ಹಿಂದೆ ಸರಿಯುತ್ತಾರೆ. ದೂರದಿಂದ ನೋಡಿದರೆ ಜಗಳವಾಡಿ ರಾಜಿಯಾಗಿ ಮತ್ತೆ ಜಗಳವಾಡಿದಂತೆ ಕಾಣುತ್ತದೆ. ಆ ಕೋಣೆಯ ತಲೆಯೆಣಿಕೆ ಯಾವಾಗಲೂ ಬೆಸವಾಗಿತ್ತು, ಮಿಕ್ಕುಳಿಯುವವಳು ಯಾವಾಗಲೂ ಇವಳಾಗಿದ್ದಳು. ಮೊದಲ ವಾರವೇ ಎರಡು ಮೂಲೆಯನ್ನು ಗೂಟಗಳಿಗೆ ಸಿಕ್ಕಿಸಿ, ಇನ್ನೆರಡನ್ನು ತಾನು ಹಿಡಿದು ಜಗ್ಗಿ, ಗೋಡೆಗೂ ತನಗೂ ನಡುವೆ ಓಡಾಡುತ್ತ ಮಡಿಸುವುದನ್ನು ಕಲಿತುಬಿಟ್ಟಳು. ಕಲಿತದ್ದೇ ತಪ್ಪಾಯಿತು. ಒಂಟಿಯಾಗಿ ನಿಭಾಯಿಸುವವಳಿಗೆ ಜೊತೆ ಕೊಡುವವರು ಯಾರು? “ಕೂಟಕ್ಕೆ ಸೇರದವಳಿಗೆ ಗೂಟವೇ ಗತಿ” ಎಂದು ಜಮಾದಾರಕ್ಕ ಒಂದು ದಿನ ನಗೆಯಾಡಿದಳು. ಹೆಸರು ಅಂಟಿಕೊಂಡಿತು.

ಜಮಾದಾರಕ್ಕನಿಗೆ ಅಲ್ಲಿ ಯಾವ ಹುದ್ದೆಯೂ ಇರಲಿಲ್ಲ, ಗಂಟಲಿತ್ತು. ಆ ಗಂಟಲಿನ ಸುತ್ತ ಅವಳೂ ಸೇರಿ ನಾಲ್ವರ ಗುಂಪು. ತಮ್ಮತಮ್ಮಲ್ಲೇ ಜೋಡಿ, ತಮ್ಮತಮ್ಮಲ್ಲೇ ಪಿಸುಮಾತು, ಮಧ್ಯಾಹ್ನದ ಡಬ್ಬಿ ಬಿಚ್ಚಲು ಗಾಳಿ ಬರುವ ಒಂದೇ ಒಂದು ಕಿಟಕಿಯ ಕೆಳಗಿನ ಬೆಂಚು. ಮೇಸ್ತ್ರಿ ಅವರನ್ನು ಪಟಾಲಂ ಎನ್ನುತ್ತಿದ್ದ, ಆದಷ್ಟು ಮೆಲ್ಲಗೆ.

ಆ ಮಾತು ಗೂಟದಕ್ಕನಿಗೆ ಹೊಸದಲ್ಲ. ಅದು ಅವಳ ಮನೆಗೆ ಬಂದದ್ದು ತಾತನ ಜೊತೆ. ತಾತ ದಂಡಿನಲ್ಲಿ ಬಂದೂಕು ಹಿಡಿದವನಲ್ಲ, ಸೌಟು ಹಿಡಿದವನು. ಆದರೂ “ನಮ್ಮ ಪಟಾಲಂ” ಎನ್ನುವಾಗ ಕೂತಲ್ಲೇ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಯಾವುದೋ ಪರದೇಶದ ಸಿಪಾಯಿಗಳ ಬಾಯಿಂದ ಉದುರಿದ ಮಾತಂತೆ ಅದು, ಹೊಳೆಯ ಕಲ್ಲಿನ ಹಾಗೆ ಉರುಳುತ್ತ ಉರುಳುತ್ತ ನಮ್ಮ ನಾಲಿಗೆಯ ಮೇಲೆ ದುಂಡಗಾಯಿತಂತೆ. ತಾತನ ಪಟಾಲಂ ಎಂದರೆ ಲೆಕ್ಕವಿಲ್ಲದಷ್ಟು ಬೂಟುಗಳು ಒಂದೇ ಸಲ ನೆಲಕ್ಕೆ ಬೀಳುವ ಸದ್ದು.

ಅಮ್ಮನ ಬಾಯಿಗೆ ಬರುವಷ್ಟರಲ್ಲಿ ಬೂಟು ಕಳಚಿಹೋಗಿತ್ತು. ಕೆಸರುಗಾಲಲ್ಲಿ ಒಳನುಗ್ಗುವ ಬೀದಿಯ ಮಕ್ಕಳನ್ನು ಕಂಡು ಅವಳು “ಬಂತು ನೋಡು ಪಟಾಲಂ!” ಎಂದು ಪೊರಕೆ ಎತ್ತುತ್ತಿದ್ದಳು. ಮದುವೆಯಾದ ಮೇಲೆ ಗೂಟದಕ್ಕ ಅದೇ ಮಾತನ್ನು ರಜೆಯ ದಿನ ಇಸ್ಪೀಟಾಡಲು ಬರುವ ಗಂಡನ ಗೆಳೆಯರಿಗೆ ದಾನ ಮಾಡಿದಳು. ಹೀಗೆ ಪಟಾಲಂ ಮೈದಾನದಿಂದ ಬೀದಿಗೆ, ಬೀದಿಯಿಂದ ಜಗಲಿಗೆ, ಜಗಲಿಯಿಂದ ಒಂದು ಬೆಂಚಿಗೆ ಕುಗ್ಗುತ್ತ ಬಂತು. ಅದು ಕುಗ್ಗಿದಷ್ಟೂ ಅದರ ಬಾಗಿಲು ಕಿರಿದಾಯಿತು.

ಇನ್ನೊಂದನ್ನೂ ಅವಳು ಗಮನಿಸಿದ್ದಳು. ತಾತನೊಬ್ಬನನ್ನು ಬಿಟ್ಟರೆ “ನಮ್ಮ ಪಟಾಲಂ” ಎಂದವರನ್ನು ಅವಳು ಕಂಡಿರಲಿಲ್ಲ. ಮಿಕ್ಕವರೆಲ್ಲರಿಗೂ ಅದು ನಿನ್ನ ಪಟಾಲಂ, ಅವರ ಪಟಾಲಂ. ಹೊರಗೆ ನಿಂತವರು ಒಳಗೆ ಕೂತವರಿಗೆ ಇಡುವ ಹೆಸರು. ಅವಳಂತೂ ಹುಟ್ಟಾ ಹೊರಗಿನವಳು. ಬೀದಿಯ ಮಕ್ಕಳು ಮರ ಹತ್ತುವಾಗ ಕೆಳಗೆ ಚಪ್ಪಲಿ ಕಾಯಲು ನಿಲ್ಲಿಸುತ್ತಿದ್ದದ್ದು ಅವಳನ್ನೇ. ಒಮ್ಮೆ, ಸಾಯುವುದರೊಳಗೆ ಒಂದೇ ಒಂದು ಸಲ, ತಾತನ ಹಾಗೆ ಬೆನ್ನು ನೆಟ್ಟಗೆ ಮಾಡಿ ಆ ಮಾತನ್ನು ಹೇಳಬೇಕೆಂಬ ಆಸೆ ಅವಳಿಗಿತ್ತು. ಅದನ್ನು ಅವಳು ಹೇಳಿಕೊಂಡದ್ದು ಗೂಟಗಳ ಹತ್ತಿರ ಮಾತ್ರ.

ನಾಲ್ವರಲ್ಲಿ ಒಬ್ಬಳು ಮಗಳ ಬಾಣಂತನಕ್ಕೆಂದು ಕೆಲಸ ಬಿಟ್ಟಳು. ಜಾಗ ಖಾಲಿಯಾಯಿತು. ಗೂಟದಕ್ಕ ಅವತ್ತು ಊಟದ ಡಬ್ಬಿಯನ್ನು ಮುಖ ಕಾಣುವಂತೆ ಉಜ್ಜಿಕೊಂಡು ಬಂದಳು. ಆದರೆ ಅದೇ ವಾರ ತಾನೇ ಮೇಸ್ತ್ರಿಯ ಕೈಕಾಲು ಹಿಡಿದು ನಾದಿನಿಗೂ ಅಲ್ಲಿ ಕೆಲಸ ಕೊಡಿಸಿದ್ದಳು. ನಾದಿನಿ ಮಾತಿನ ಮಲ್ಲಿ. ಬಂದ ಮೂರನೆಯ ದಿನಕ್ಕೇ ಜಮಾದಾರಕ್ಕನ ಜೋಡಿಯಾಗಿ ಬೆಂಚಿನ ಮೇಲೆ ಕೂತಿದ್ದಳು.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ,” ಎಂದಳು ಸಂಜೆ ಮನೆಯ ದಾರಿಯಲ್ಲಿ. “ನಾನೇನೂ ಕೇಳಲಿಲ್ಲ. ಅವರೇ ಕರೆದ್ರು.”

“ನನಗ್ಯಾಕೆ ಬೇಜಾರು? ನನ್ನ ಗೂಟಕ್ಕೆ ಬಾಯಿಲ್ಲ, ಅದೇ ಒಂದು ನೆಮ್ಮದಿ. ಅಂದಹಾಗೆ, ಬೆಂಚಲ್ಲಿ ಏನು ಮಾತಾಡ್ತೀರಿ?”

“ಅದೆಲ್ಲ ಹೊರಗೆ ಹೇಳೋ ಹಾಗಿಲ್ಲ ಅತ್ತಿಗೆ.”

ಒಂದೇ ಸೂರಿನ ಕೆಳಗೆ ಉಣ್ಣುವವಳು ಹೇಳಿದ ಆ “ಹೊರಗೆ” ಗೂಟದಕ್ಕನ ಎದೆಯಲ್ಲಿ ರಾತ್ರಿಯಿಡೀ ಮುಳ್ಳಾಗಿ ಚುಚ್ಚಿತು.

ಒಂದು ದಿನ ನಾದಿನಿಗೆ ಜ್ವರ ಬಂತು. ಜಮಾದಾರಕ್ಕನ ಎದುರು ಜೋಡಿಯಿಲ್ಲ, ಆಸ್ಪತ್ರೆಯ ಗಾಡಿ ಬಾಗಿಲಲ್ಲಿ ಕಾಯುತ್ತಿದೆ. ಮೇಸ್ತ್ರಿ ಕೂಗಿದ, “ಗೂಟದಕ್ಕಾ, ಇವತ್ತು ನೀನೇ ನಿಲ್ಲಮ್ಮಾ ಅಲ್ಲಿ!”

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ನಿಂತಳು. ಎದುರಿಗೆ ಎರಡು ಕಣ್ಣು, ಎರಡು ಕೈ. ಗೂಟಕ್ಕೆ ಇವ್ಯಾವೂ ಇರಲಿಲ್ಲವಾದ್ದರಿಂದ ಅವಳ ಮೈ ಬೆವರಿತು. ಬೆಡ್‌ಶೀಟಿನ ಮೂಲೆ ಕೈಗೆ ಬಂದದ್ದೇ ತಡ, ಇಷ್ಟು ವರ್ಷದ ರೂಢಿ ತಾನೇ ಮುಂದಾಯಿತು. ಗೂಟವನ್ನು ಜಗ್ಗುವ ಹಾಗೇ ಜಗ್ಗಿದಳು. ಗೋಡೆಯಾಗಿದ್ದರೆ ತಡೆದುಕೊಳ್ಳುತ್ತಿತ್ತು. ಜಮಾದಾರಕ್ಕ ಬೆಡ್‌ಶೀಟಿನ ಹಿಂದೆಯೇ ಗಾಳಿಪಟದ ಬಾಲದಂತೆ ಬಂದು, ಇವಳನ್ನು ದಾಟಿ, ಒಗೆದ ಟವೆಲುಗಳ ತಳ್ಳುಗಾಡಿಗೆ ತಲೆಕೆಳಗಾಗಿ ಇಳಿದಳು. ಮೇಲೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ.

ಗಾಡಿಯೊಳಗಿಂದ ಗಂಟಲು ಕೇಳಿಸಿತು. “ಅಯ್ಯೋ ಮಾರಾಯ್ತೀ, ನಾನೇನು ಗೋಡೆಗೆ ಹೊಡೆದ ಗೂಟಾನಾ?”

ಆಮೇಲೆ ಎದ್ದ ನಗುವಿಗೆ ಉರುಳೆಯ ಸದ್ದೂ ಅಡಗಿಹೋಯಿತು. ಗೂಟದಕ್ಕ ಒಬ್ಬಳೇ ಅಳುತ್ತಿದ್ದಳು. ಜಮಾದಾರಕ್ಕನ ಕಾಲು ಉಳುಕಿತ್ತು. ಪಟಾಲಂನ ಬಾಗಿಲು ಅವಳಿಗೆ ತೆರೆದದ್ದು ಒಂದೇ ಸಲ, ಅದನ್ನೂ ಚಿಲಕದ ಸಮೇತ ಕಿತ್ತುಹಾಕಿದ್ದಾಯಿತು. ಮನೆಯಲ್ಲಿ ನಾದಿನಿ ಜ್ವರದಲ್ಲೂ ಎದ್ದು ಕೂತು ಬೈದಳು. “ನನ್ನ ಮಾನ ಹೋಯ್ತಲ್ಲ ಅತ್ತಿಗೆ! ನಾಳೆ ನಾನು ಯಾವ ಮುಖ ಹೊತ್ಕೊಂಡು ಬೆಂಚಲ್ಲಿ ಕೂರಲಿ?”

ಗಂಡ ಮಾತ್ರ ನಗು ತಡೆಯಲಾರದೆ ಕೇಳಿದ, “ಎರಡೂ ಪಾದ ಕಾಣಿಸ್ತಾ? ನಿಜವಾಗ್ಲೂ?”

ಕೆಲವು ದಿನ ಕಳೆದು ಜಮಾದಾರಕ್ಕ ಪಾದಕ್ಕೆ ದಪ್ಪ ಪಟ್ಟಿ ಸುತ್ತಿಕೊಂಡು ಬಂದಳು. ಕಾಲೂರುವ ಹಾಗಿಲ್ಲ, ಸ್ಟೂಲಿನ ಮೇಲೆ ಕೂತೇ ಮೂಲೆ ಹಿಡಿದಳು. ಜ್ವರ ಬಿಟ್ಟು ಎದುರು ನಿಂತ ನಾದಿನಿ ಕಲಿತದ್ದು ಅರ್ಧ ದಾರಿ ನಡೆದು ಬಂದು ಎದುರಿನವಳಿಗೆ ಕಾಯುವ ಮಡಿಕೆ. ಅರ್ಧ ದಾರಿಗೆ ಬಂದು ಕಾದಳು. ಎದುರಿನವಳು ಬರಲಿಲ್ಲ. ಬೆಡ್‌ಶೀಟು ಜೋತು ಬಿದ್ದು ನೆಲ ಗುಡಿಸಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮಾಸಿದವು ಮತ್ತೆ ಒಗೆಯಲು ಹೋದವು. ಮೇಸ್ತ್ರಿ ತಲೆ ಕೆರೆದುಕೊಂಡ. “ಜಮಾದಾರಕ್ಕಾ, ಕಾಲು ಸರಿಹೋಗೋ ತನಕ ಆ ಕಡೆ ಕೋಣೇಲಿ ಕೂತು ಕರವಸ್ತ್ರ ಜೋಡಿಸ್ತೀಯಾ?”

ಆ ಕಡೆಯ ಕೋಣೆಗೆ ಕಿಟಕಿಯಿರಲಿಲ್ಲ, ಬೆಂಚಿರಲಿಲ್ಲ, ಪಟಾಲಂ ಇರಲಿಲ್ಲ. ಜಮಾದಾರಕ್ಕನ ಮುಖ ಮೊದಲ ಬಾರಿಗೆ ಸಣ್ಣದಾಯಿತು. ಅವಳು ಸುತ್ತ ನೋಡಿದಳು. ಗೋಡೆಯ ಹತ್ತಿರ ಒಬ್ಬಳು, ಅಲುಗದ ಜೊತೆಗಾರರ ಜೊತೆ, ನೆಲಕ್ಕೆ ಒಂದು ನೂಲೂ ತಾಗದಂತೆ ಮಡಿಸುತ್ತಿದ್ದಳು.

“ಏ ಗೂಟದಕ್ಕಾ, ಬಾ ಇಲ್ಲಿ. ನಾನೇ ನಿನ್ನ ಗೂಟ ಅಂದ್ಕೋ. ಆದ್ರೆ ಮೆಲ್ಲಗೆ ಎಳಿ, ನಂಗೆ ಜೀವ ಇದೆ.”

ಗೂಟದಕ್ಕ ಬಂದಳು. ಈ ಸಲ ಜಗ್ಗಲಿಲ್ಲ. ಮಗುವಿನ ಕೈ ಹಿಡಿದಷ್ಟು ಬಿಗಿ, ಅಷ್ಟೇ. ಹೋದಳು, ಬಂದಳು, ಮೂಲೆಗೆ ಮೂಲೆ ಸೇರಿಸಿದಳು. ಗೂಟ ಎಂದೂ ಮಾಡದ ಒಂದನ್ನು ಜಮಾದಾರಕ್ಕನ ಕೈಗಳು ಮಾಡುತ್ತಿದ್ದವು, ಮೂಲೆ ತಲುಪಿದೊಡನೆ ತಾವೂ ಒಂದಿಷ್ಟು ಮುಂದೆ ಚಾಚುತ್ತಿದ್ದವು. ಊಟದ ಗಂಟೆ ಬಾರಿಸಿದಾಗ ಎತ್ತರದ ರಾಶಿ ಎದ್ದಿತ್ತು. ಜಮಾದಾರಕ್ಕ ಇವಳ ಹೆಗಲಿಗೆ ಕೈ ಕೊಟ್ಟು ಕುಂಟುತ್ತ ಬೆಂಚಿಗೆ ಹೋದಳು. ಹೋದವಳು, “ಕೂತ್ಕೋ” ಎಂದಳು.

ಬೆಸ ಮಾತ್ರ ಬೆಸವಾಗಿಯೇ ಉಳಿದಿತ್ತು. ನಾದಿನಿ ಗೋಡೆಯ ಹತ್ತಿರ ಡಬ್ಬಿ ಹಿಡಿದು ನಿಂತಿದ್ದಳು.

ಗೂಟದಕ್ಕ ಡಬ್ಬಿ ಬಿಚ್ಚಿ, ಕಿವಿಯನ್ನೂ ಬಿಚ್ಚಿ ಕೂತಳು. ಇಷ್ಟು ವರ್ಷ ಕನಸು ಕಂಡ ಗುಟ್ಟಿನ ಮಾತುಗಳು ಈಗ ಬರುತ್ತವೆ, ಈಗ ಬರುತ್ತವೆ. ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ಕೆಮ್ಮಿದಳು. ಇನ್ನೊಬ್ಬಳು ಕಿಟಕಿಯಾಚೆ ನೋಡಿದಳು.

“ಯಾಕೆ, ನಾನು ಬಂದದ್ದು ಇಷ್ಟ ಆಗ್ಲಿಲ್ವಾ?” ಎಂದಳು ಸಣ್ಣ ದನಿಯಲ್ಲಿ.

ಜಮಾದಾರಕ್ಕ ತುತ್ತು ನುಂಗಿದಳು. “ಹಾಗಲ್ಲ ಕಣೆ. ನಾವು ದಿನಾ ಮಾತಾಡ್ತಿದ್ದದ್ದು ನಿನ್ನ ವಿಷಯಾನೇ. ಅವಳು ಗೂಟದ ಹತ್ರ ಏನು ಪಿಸುಗುಡ್ತಾಳೆ ಅಂತ. ನೀನೇ ಬಂದು ಕೂತ್ರೆ ಇನ್ನೇನು ಮಾತಾಡೋದು? ಈಗ್ಲಾದ್ರೂ ಹೇಳು ಮಾರಾಯ್ತಿ, ಅದರ ಹತ್ರ ಏನು ಹೇಳ್ತಿದ್ದೆ?”

“ನಿಮ್ಮ ವಿಷಯಾನೇ,” ಎಂದಳು ಗೂಟದಕ್ಕ.

ಎಲ್ಲರೂ ಬೆಂಚೇ ಅಲುಗುವಂತೆ ನಕ್ಕರು. ನಗು ಇನ್ನೂ ಇಳಿದಿರಲಿಲ್ಲ, ಗೂಟದಕ್ಕನ ಕಣ್ಣು ಗೋಡೆಯ ಕಡೆ ಹೋಯಿತು. ನಾದಿನಿಯ ಡಬ್ಬಿ ಮುಚ್ಚಿದ ಹಾಗೇ ಇತ್ತು. ಮುಖ ಗೂಟದ ಕಡೆಗಿತ್ತು, ತುಟಿ ಅಲುಗುತ್ತಿತ್ತು.

ಒಳಗೆ ಕೂತು ಹೊರಗಿನವಳನ್ನು ನೋಡುವುದು ಅವಳಿಗೆ ಇದೇ ಮೊದಲು. ಬಾಯಿಗೆ ಹೋಗಬೇಕಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವಳು ಬೆಂಚಿನ ತುದಿಗೆ ಸರಿದು, ಅರ್ಧ ಗಾಳಿಯಲ್ಲಿ ಅರ್ಧ ಹಲಗೆಯಲ್ಲಿ ಕೂತು, ಪಕ್ಕದಲ್ಲಿ ಅಂಗೈಯಗಲ ಜಾಗ ಮಾಡಿದಳು. “ಅವಳನ್ನೂ ಕರೀಲಾ?”

“ಕರಿ, ಬೇಗ ಕರಿ,” ಎಂದಳು ಜಮಾದಾರಕ್ಕ, ಪಟ್ಟಿ ಸುತ್ತಿದ ಕಾಲನ್ನು ಒಳಗೆ ಎಳೆದುಕೊಳ್ಳುತ್ತ. “ಇಲ್ದಿದ್ರೆ ಬೆಂಚಿನ ಗುಟ್ಟೆಲ್ಲಾ ಆ ಗೂಟಕ್ಕೆ ಗೊತ್ತಾಗಿಹೋಗುತ್ತೆ.”

ಅವತ್ತು ಅತ್ತಿಗೆ ನಾದಿನಿ ಇಬ್ಬರೂ ಮನೆಗೆ ತಡವಾಗಿ ಬಂದರು. ಒಲೆಯ ಮುಂದೆ ಕೈಸುಟ್ಟುಕೊಂಡು ಕೂತಿದ್ದ ಗಂಡ ಸಿಡುಕಿದ, “ಏನು, ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ?”

ಗೂಟದಕ್ಕ ಡಬ್ಬಿಯನ್ನು ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿದಳು.

“ನಮ್ಮ ಪಟಾಲಂ ಮಾತು ಮುಗೀಲಿಲ್ಲ ರೀ,” ಎಂದಳು.