ಅಮ್ಮ ಮಾಡಿದ ವಂದನಾರ್ಪಣೆ

ಎಪ್ಪತ್ತರ ದಶಕದ ಕೊನೆಯಲ್ಲಿ ಕೋಡಿಂಬಾಳದ ನಮ್ಮ ಕಡೆ ಒಂದು ಮಹಿಳಾ ಮಂಡಳಿ ಇತ್ತು. ಅದಕ್ಕೆ ಕಟ್ಟಡ ಇರಲಿಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬ ಸದಸ್ಯೆಯ ಮನೆ ಜಗಲಿಯಲ್ಲಿ ಸಭೆ. ಕಲಾಪ ಮಾತ್ರ ವಿಧಾನಸಭೆಗೆ ಕಡಿಮೆಯಿಲ್ಲ: ಪ್ರಾರ್ಥನೆ, ಸ್ವಾಗತ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ನಡುವೆ ರವಕೆ ಕತ್ತರಿಸುವುದನ್ನೂ ಕಲಿಸುತ್ತಿದ್ದರು. ಯಾರೂ ಬಾಯಿ ಮುಚ್ಚಿ ಕೂತು ಹೋಗಬಾರದು ಎಂಬುದು ಅಧ್ಯಕ್ಷೆಯ ಕಟ್ಟಳೆ. ಅವರು ಬಾಲವಾಡಿಯ ಟೀಚರು. ಮಕ್ಕಳಿಗೂ ಹೆಂಗಸರಿಗೂ ಒಂದೇ ಕಾನೂನು.

ನನ್ನ ಅಮ್ಮನ ಪಾಲಿಗೆ ಬಿದ್ದದ್ದು ವಂದನಾರ್ಪಣೆ. ಮೊದಲ ಸಲ ಎದ್ದವಳು ಹಾಗೆಯೇ ಕುಳಿತುಬಿಟ್ಟಳಂತೆ. ಎರಡನೆಯ ಸಲ ಅಧ್ಯಕ್ಷೆಯನ್ನು ಬಿಟ್ಟು ಚಹಾಕ್ಕೆ ವಂದಿಸಿದಳು. ಅಧ್ಯಕ್ಷೆ ಬಿಡಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅಮ್ಮ ಹಟ್ಟಿಯಲ್ಲಿ ಹಾಲು ಕರೆಯುತ್ತ ದನಕ್ಕೂ ಮಂಡಳಿಯ ಪರವಾಗಿ ಕೃತಜ್ಞತೆ ಸಲ್ಲಿಸತೊಡಗಿದಳು.

ಆ ವರ್ಷವೇ ನಾನು ಏಳನೇ ತರಗತಿ ಪಾಸಾದೆ. ಹೈಸ್ಕೂಲು ಇದ್ದದ್ದು ಕಡಬದಲ್ಲಿ. ಅಪ್ಪನ ತೀರ್ಪು ಎರಡೇ ಶಬ್ದದ್ದು: ಓದಿದ್ದು ಸಾಕು. ಹುಡುಗಿ ಒಬ್ಬಳೇ ಅಷ್ಟು ದೂರ ನಡೆಯುವುದೇ ಎಂಬ ಕಾರಣವನ್ನು ಕೇಳಿದವರಿಗೆ ಮಾತ್ರ ಒದಗಿಸುತ್ತಿದ್ದರು. ನಾನು ಎರಡು ದಿನ ಉಪವಾಸ ಕೂತೆ. ಮೂರನೆಯ ದಿನ ಅಮ್ಮ ಬಾಳೆಲೆಯಲ್ಲಿ ಸುತ್ತಿ ಹಲಸಿನಹಣ್ಣಿನ ಗಟ್ಟಿ ಬೇಯಿಸಿದ್ದರಿಂದ ಸತ್ಯಾಗ್ರಹ ಮುರಿಯಿತು.

ಮೇ ತಿಂಗಳ ಸಭೆ ನಮ್ಮ ಮನೆಯಲ್ಲಿ. ಮನೆ ತನ್ನದಾದ ತಪ್ಪಿಗೆ ಅಪ್ಪ ಆರಾಮ ಕುರ್ಚಿಯಲ್ಲಿ ಅಡಿಕೆ ಹೋಳು ಮಾಡುತ್ತ ಎಲ್ಲವನ್ನೂ ಕೇಳಬೇಕಾಯಿತು. ಕೊನೆಗೆ ಅಮ್ಮ ಎದ್ದಳು. ಅಧ್ಯಕ್ಷೆಗೆ ವಂದಿಸಿದಳು, ಪ್ರಾರ್ಥನೆ ಹಾಡಿದವರಿಗೆ ವಂದಿಸಿದಳು. ಆಮೇಲೆ ತಡವರಿಸಿ, ಜಗಲಿಯ ಕಂಬವನ್ನು ನೋಡುತ್ತ ಹೇಳಿದಳು:

"ಮಗಳನ್ನು ಕಡಬದ ಹೈಸ್ಕೂಲಿಗೆ ಕಳಿಸ್ಲಿಕ್ಕೆ ಒಪ್ಪಿದ ಈ ಮನೆಯ ಯಜಮಾನರಿಗೆ ಮಂಡಳಿಯ ಪರವಾಗಿ ವಂದನೆಗಳು."

ಒಪ್ಪಿಗೆ ಇನ್ನೂ ಹುಟ್ಟಿರಲಿಲ್ಲ. ಆದರೆ ಜಗಲಿ ತುಂಬ ಚಪ್ಪಾಳೆ ಬಿತ್ತು. ಅಪ್ಪನ ಕೈಯ ಅಡಕತ್ತರಿ ನಿಂತಿತು. ಎಷ್ಟೋ ಸಭೆ ಕಂಡವರು ಅವರು. ವಂದನೆಯನ್ನು ಹಿಂದಿರುಗಿಸುವ ಪದ್ಧತಿ ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ, ಬೀಡಿ ಕಟ್ಟಿ ದಿನಾ ಕಡಬಕ್ಕೆ ಕೊಂಡುಹೋಗುತ್ತಿದ್ದ ಸದಸ್ಯೆಯೊಬ್ಬರು, "ನಾನು ಹೇಗೂ ಹೋಗುದು ಮಾರಾಯ್ರೆ, ನನ್ನೊಟ್ಟಿಗೆ ಬರ್ಲಿ" ಎಂದು ಉಳಿದಿದ್ದ ಒಂದು ಕಾರಣವನ್ನೂ ಮುಗಿಸಿದರು. ಆ ತಾಯಿ ಮೂರು ವರ್ಷ ನನ್ನನ್ನು ಶಾಲೆಯ ಗೇಟಿನವರೆಗೆ ಬಿಟ್ಟರು. ಆ ಋಣಕ್ಕೆ ಯಾವ ವಂದನಾರ್ಪಣೆಯೂ ಸಾಲದು.

ಎಲ್ಲರೂ ಹೋದ ಮೇಲೆ ಅಪ್ಪ ಕೇಳಿದ್ದು ಒಂದೇ.

"ಅದನ್ನು ಹೇಳಿಕೊಟ್ಟದ್ದು ಯಾರು?"

"ಯಾರೂ ಅಲ್ಲ," ಅಂದಳು ಅಮ್ಮ. "ಹೆದರಿ ಮುಂದಿನದ್ದೆಲ್ಲ ಮರ್ತುಹೋಯ್ತು. ಮನಸ್ಸಿನಲ್ಲಿ ಇದ್ದದ್ದು ಅದೊಂದೇ."

ಜೂನಿನ ಮೊದಲ ವಾರ ಉಪ್ಪಿನಂಗಡಿಗೆ ಹೋಗಿ ಬಂದಾಗ ಅಪ್ಪನ ಕಂಕುಳಲ್ಲಿ ಎರಡು ಕೊಡೆಗಳಿದ್ದವು. ಒಂದು ಸಣ್ಣದು.